ಯಾರ ಚಿತ್ರ, ಎಂತಹ ಚಿತ್ರ?

ಗತಿಸಿದ ಹಿರಿಯರನ್ನು ಮರೆಯದಿರಲು ನಮ್ಮ ನಾಡು ಕಂಡುಕೊಂಡ ದಾರಿಗಳು ಹಲವು. ಕಲ್ಲಿನ ಮೇಲೆ ಶಾಸನ ಕೊರೆಸಿದರು. ವೀರಗಲ್ಲು, ಮಾಸ್ತಿಗಲ್ಲುಗಳನ್ನು ನಿಲ್ಲಿಸಿದರು. ಕೆರೆಗೆ, ಕೋಟೆಗೆ, ಊರಿಗೆ ಹೆಸರಿಟ್ಟರು. ಕೆಳದಿಯ ಚೆನ್ನಮ್ಮಾಜಿಯ ಹೆಸರನ್ನು ಚನ್ನಗಿರಿ ಇಂದಿಗೂ ಹೊತ್ತು ನಿಂತಿದೆ. ನಮ್ಮ ಕಾಲಕ್ಕೆ ಇವೆಲ್ಲಕ್ಕಿಂತ ಹತ್ತಿರವಾದ ದಾರಿಯೆಂದರೆ ಭಾವಚಿತ್ರ. ಕಚೇರಿಯ ಗೋಡೆ, ಶಾಲೆಯ ಸಭಾಂಗಣ, ಮಠದ ಪಡಸಾಲೆ, ಮನೆಯ ನಡುಮನೆ, ಎಲ್ಲಿ ನೋಡಿದರೂ ಚೌಕಟ್ಟಿನೊಳಗಿನ ಒಂದು ಮುಖ ನಮ್ಮನ್ನು ನೋಡುತ್ತಿರುತ್ತದೆ.

2024ನೆಯ ಇಸವಿಯ ಜನವರಿಯಲ್ಲಿ ರಾಜ್ಯದ ಸಚಿವ ಸಂಪುಟವು ಬಸವಣ್ಣನವರನ್ನು ಕರ್ನಾಟಕದ ಸಾಂಸ್ಕೃತಿಕ ನಾಯಕರೆಂದು ಘೋಷಿಸಲು ತೀರ್ಮಾನಿಸಿತು. ಅದರ ಬೆನ್ನಿಗೇ ಸರ್ಕಾರಿ ಕಚೇರಿಗಳಲ್ಲೆಲ್ಲ ಅವರ ಭಾವಚಿತ್ರವಿರಬೇಕೆಂಬ ಆಜ್ಞೆ ಹೊರಟು, ಫೆಬ್ರವರಿ 17ರಂದು ಅನಾವರಣಗಳು ನಡೆದವು. ಅದಕ್ಕೆ ಒಂದು ವರ್ಷದ ಹಿಂದೆ, 2022ರ ಡಿಸೆಂಬರಿನಲ್ಲಿ, ಬೆಳಗಾವಿಯ ಸುವರ್ಣ ವಿಧಾನಸೌಧದ ಸಭಾಂಗಣದಲ್ಲಿ ಏಳು ಮಂದಿಯ ಭಾವಚಿತ್ರಗಳನ್ನು ತೂಗಿದಾಗ, ಅವುಗಳಲ್ಲೊಂದು ಸಾವರ್ಕರರದಾಗಿದ್ದ ಕಾರಣ, ದೊಡ್ಡ ವಾಗ್ವಾದವೇ ಎದ್ದಿತ್ತು. ಎರಡು ಸಂದರ್ಭಗಳಲ್ಲಿಯೂ ಸಾರ್ವಜನಿಕರ ನಡುವೆ ಚರ್ಚೆಯಾದದ್ದು ಒಂದೇ ಪ್ರಶ್ನೆ: ಯಾರ ಚಿತ್ರ? ಅದು ಕೇಳತಕ್ಕ ಪ್ರಶ್ನೆಯೇ. ಆದರೆ ಅದರ ಪಕ್ಕದಲ್ಲಿಯೇ ಇನ್ನೊಂದು ಪ್ರಶ್ನೆಯುಂಟು: ಎಂತಹ ಚಿತ್ರ? ಅದನ್ನು ಬರೆದ ಕೈ ಯಾವುದು, ಯಾವ ಬಣ್ಣದಿಂದ, ಯಾವ ಬೆಳಕಿನಲ್ಲಿ, ಯಾರನ್ನು ಎದುರಿಗೆ ಕೂರಿಸಿಕೊಂಡು ಬರೆಯಿತು? ಈ ಪ್ರಶ್ನೆ ನಮ್ಮ ಕಿವಿಗೆ ಬೀಳುವುದೇ ಅಪರೂಪ. ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ತಾಲ್ಲೂಕುಗಳನ್ನು ಕಣ್ಣ ಮುಂದಿಟ್ಟುಕೊಂಡು ಆ ಎರಡನೆಯ ಪ್ರಶ್ನೆಯನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಈ ಪ್ರದೇಶವನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಬಸವ ಜಯಂತಿಯನ್ನು ಸಾರ್ವಜನಿಕ ಉತ್ಸವವಾಗಿ ಆಚರಿಸುವ ಪರಿಪಾಠ ಮೊದಲಾದದ್ದು 1913ರಲ್ಲಿ, ದಾವಣಗೆರೆಯ ವಿರಕ್ತಮಠದಲ್ಲಿ, ಹರ್ಡೇಕರ್ ಮಂಜಪ್ಪನವರ ಪ್ರಯತ್ನದಿಂದ. ಮನೆಯ, ಮಠದ ಒಳಗಿದ್ದ ಸ್ಮರಣೆ ಬೀದಿಗೆ ಬಂದಾಗ ಅದಕ್ಕೊಂದು ಮುಖ ಬೇಕಾಗುತ್ತದೆ. ಹೆಸರನ್ನು ಜಪಿಸಬಹುದು; ಮೆರವಣಿಗೆ ಮಾಡಬೇಕಾದರೆ ಮುಖವೇ ಬೇಕು. ಹೀಗೆ ಇಪ್ಪತ್ತನೆಯ ಶತಮಾನವು ಹನ್ನೆರಡನೆಯ ಶತಮಾನದವರಿಗೆ ಮುಖಗಳನ್ನು ಕೊಟ್ಟಿತು. ಇಂದು ನಾವು ಬಸವಣ್ಣನವರದೆಂದು ಗುರುತಿಸುವ ಮುಖ ಅವರ ಕಾಲದ ಯಾರೂ ಬರೆದಿಟ್ಟದ್ದಲ್ಲ. ಅದು ಚಿತ್ರಗಾರರ ಕಲ್ಪನೆ. ಕಲ್ಪನೆಯೆಂಬ ಕಾರಣಕ್ಕೆ ಅದು ಹೀನವಲ್ಲ. ಆದರೆ ಕಲ್ಪನೆಯಾದುದರಿಂದಲೇ ಅದಕ್ಕೆ ಕಲೆಯ ಹೊಣೆ ಹೆಚ್ಚು.

ಮೊದಲು ತೈಲವರ್ಣವೆಂದರೇನು ಎಂಬುದನ್ನು ನೋಡೋಣ. ಬಣ್ಣದ ಪುಡಿಯನ್ನು ಅಗಸೆ ಎಣ್ಣೆಯಲ್ಲಿ ಅರೆದರೆ ತೈಲವರ್ಣವಾಯಿತು. ನಮ್ಮ ಅಡಿಗೆಮನೆಯ ಕಡಲೆಕಾಯಿ ಎಣ್ಣೆಯನ್ನಾಗಲಿ ಹರಳೆಣ್ಣೆಯನ್ನಾಗಲಿ ಇದಕ್ಕೆ ಬಳಸುವಂತಿಲ್ಲ. ಅವು ಎಷ್ಟು ದಿನವಿಟ್ಟರೂ ಒಣಗುವುದಿಲ್ಲ. ಅಗಸೆ, ಅಕ್ರೋಟು, ಗಸಗಸೆಗಳ ಎಣ್ಣೆಗಳ ಗುಣ ಬೇರೆ. ಅವು ನೀರಿನಂತೆ ಆವಿಯಾಗಿ ಒಣಗುವುದಿಲ್ಲ. ಗಾಳಿಯಲ್ಲಿರುವ ಆಮ್ಲಜನಕವನ್ನು ಹೀರಿಕೊಂಡು ತಾವೇ ಗಟ್ಟಿಯಾದ ಪೊರೆಯಾಗುತ್ತವೆ. ಇದಕ್ಕೆ ದಿನಗಳು, ಕೆಲವೊಮ್ಮೆ ವಾರಗಳು ಬೇಕು. ಈ ನಿಧಾನವೇ ತೈಲವರ್ಣದ ಭಾಗ್ಯ. ಬರೆದದ್ದನ್ನು ಮರುದಿನ ತಿದ್ದಬಹುದು. ಒಂದು ಬಣ್ಣವನ್ನು ಮತ್ತೊಂದರೊಳಕ್ಕೆ ಗಡಿ ಕಾಣದಂತೆ ಕರಗಿಸಬಹುದು. ಒಣಗಿದ ಪದರದ ಮೇಲೆ ಗಾಜಿನಂತಹ ತೆಳುವಾದ ಇನ್ನೊಂದು ಪದರವನ್ನು ಹರಡಿ ಕೆಳಗಿನ ಬಣ್ಣ ಮೇಲಿನದರ ಮೂಲಕ ಉಸಿರಾಡುವಂತೆ ಮಾಡಬಹುದು. ಕೆಳಗಿನ ಪದರದಲ್ಲಿ ಎಣ್ಣೆ ಕಡಿಮೆ, ಮೇಲಿನದರಲ್ಲಿ ಹೆಚ್ಚು ಎಂಬುದು ಈ ವಿದ್ಯೆಯ ಹಳೆಯ ನಿಯಮ. ಅದನ್ನು ಮೀರಿದರೆ ಬೇಗ ಒಣಗಿದ ಮೇಲ್ಪದರವು ನಿಧಾನವಾಗಿ ಒಣಗುವ ಕೆಳಪದರದ ಮೇಲೆ ಬಿರಿಯುತ್ತದೆ, ಬೇಸಿಗೆಯಲ್ಲಿ ಕೆರೆಯಂಗಳದ ಕೆಸರು ಬಿರಿದಂತೆ.

ಬಣ್ಣದ ಪುಡಿಗಳಲ್ಲಿ ಬಹುಪಾಲು ನಮಗೆ ಅಪರಿಚಿತವಾದುವಲ್ಲ. ಹಳದಿ ಮಣ್ಣು, ಕಾವಿ, ಕಂದುಮಣ್ಣು, ಕಾಡಿಗೆ: ಇವು ಮನೆಯ ಗೋಡೆಯನ್ನೂ ಗುಡಿಯ ಜಗಲಿಯನ್ನೂ ಬಳಿದ ಬಣ್ಣಗಳೇ. ಕಂದುಮಣ್ಣಿನಲ್ಲಿ ಕಬ್ಬಿಣದೊಡನೆ ಮ್ಯಾಂಗನೀಸ್ ಬೆರೆತಿರುತ್ತದೆ. ಚನ್ನಗಿರಿಯ ಸೀಮೆಯ ಬೆಟ್ಟಗಳಲ್ಲಿಯೂ ದೊರೆಯುವ ಈ ಧಾತುವಿಗೆ ಎಣ್ಣೆಯನ್ನು ಬೇಗ ಒಣಗಿಸುವ ಗುಣವುಂಟು. ಆದುದರಿಂದಲೇ ಹಳೆಯ ಚಿತ್ರಗಾರರು ಮುಖದ ಮೊದಲ ನೆರಳುಗಳನ್ನು ಕಂದುಮಣ್ಣಿನಿಂದ ಹಚ್ಚಿ, ಅದರ ಮೇಲೆ ಉಳಿದ ಕೆಲಸಕ್ಕೆ ತೊಡಗುತ್ತಿದ್ದರು. ಸ್ವೀಡನ್ ದೇಶದ ಆಂಡರ್ಸ್ ಸೋರ್ನ್ ಎಂಬ ಹೆಸರಾಂತ ಭಾವಚಿತ್ರಕಾರನ ವರ್ಣಫಲಕದಲ್ಲಿ ಮುಖ್ಯವಾಗಿ ಇದ್ದುವೆಂದು ಹೇಳುವುದು ನಾಲ್ಕೇ ಬಣ್ಣ: ಬಿಳಿ, ಕಪ್ಪು, ಹಳದಿ ಮಣ್ಣು, ಇಂಗುಲೀಕ. ಕಪ್ಪು ಬಿಳಿಗಳ ಬೆರಕೆ ಕೆಂಪಿನ ಪಕ್ಕದಲ್ಲಿ ಕುಳಿತಾಗ ಕಣ್ಣಿಗೆ ನೀಲಿಯಾಗಿ ತೋರುತ್ತದೆ. ಅಷ್ಟರಿಂದಲೇ ನೆರಳಿನ ತಂಪು ಹುಟ್ಟುತ್ತದೆ. ಮುಖವೊಂದನ್ನು ಬರೆಯಲು ಬೇಕಾದದ್ದು ಬಣ್ಣಗಳ ರಾಶಿಯಲ್ಲ, ಬಣ್ಣಗಳ ನಡುವಣ ಸಂಬಂಧದ ಅರಿವು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ನಿದರ್ಶನ ಸಿಗಲಾರದು.

ಈ ಅರಿವು ನಮ್ಮ ನಾಡಿನಲ್ಲಿ ಇನ್ನೊಂದು ಪರೀಕ್ಷೆಗೆ ಒಳಗಾಗಬೇಕು. ತೈಲವರ್ಣದ ಪಠ್ಯಗಳನ್ನು ಬರೆದವರು ಯೂರೋಪಿನವರು. ಅವರ ಎದುರಿಗೆ ಕುಳಿತವರು ಬಿಳಿಯ ಮೈಯವರು. ಬಿಳಿಗೆ ಇಂಗುಲೀಕವನ್ನೂ ಸ್ವಲ್ಪ ಹಳದಿಯನ್ನೂ ಬೆರೆಸಿದರೆ ಮೈಬಣ್ಣವಾಯಿತೆಂಬ ಪಾಠ ಅಲ್ಲಿಯದು. ಆ ಪಾಠವನ್ನು ಹಿಡಿದು ನಮ್ಮ ಒಕ್ಕಲಿಗನ ಮುಖವನ್ನು ಬರೆಯ ಹೊರಟವನು ಬಿಳಿಯ ಮೇಲೆ ಕಂದನ್ನು ಸುರಿದು ಮುಖವನ್ನು ಕೆಸರು ಮಾಡುತ್ತಾನೆ. ಇಲ್ಲವೇ ಮುಖವನ್ನೇ ಬೆಳ್ಳಗೆ ಮಾಡಿ ಪಾರಾಗುತ್ತಾನೆ. ಕಂದುಮೈಯ ಸ್ವಭಾವ ಬೇರೆ. ಅದು ಬೆಳಕನ್ನು ಹೆಚ್ಚಾಗಿ ಒಳಗೆಳೆದುಕೊಳ್ಳುವುದರಿಂದ, ಹಣೆ, ಕೆನ್ನೆಯ ಮೂಳೆ, ಮೂಗಿನ ತುದಿಗಳ ಮೇಲಣ ಹೊಳಪು ಅಲ್ಲಿ ಎದ್ದು ಕಾಣುತ್ತದೆ. ಆ ಹೊಳಪಿನ ಬಣ್ಣ ಮೈಯದಲ್ಲ, ಬೆಳಕಿನದು. ಬಯಲಿನಲ್ಲಿ ನೆರಳ ಕಡೆ ತಿರುಗಿದ ಹಣೆಯ ಮೇಲೆ ಬೀಳುವುದು ಆಕಾಶದ ನೀಲಿ. ಹೀಗಾಗಿ ಕಪ್ಪು ಮುಖವೊಂದರಲ್ಲಿ ತಂಪಾದ ನೀಲಿ ಹೊಳಪು, ಬೆಚ್ಚನೆಯ ಕೆಂಗಂದು, ನೆರಳಿನಲ್ಲಿ ಹಸುರು ನೇರಿಳೆಗಳ ಸುಳಿವು, ಇವೆಲ್ಲ ಒಟ್ಟಿಗೆ ವಾಸ ಮಾಡುತ್ತವೆ. ಕಣ್ಣು ಬಲ್ಲ ಚಿತ್ರಗಾರನಿಗೆ ಅದು ಬಿಳಿಯ ಮುಖಕ್ಕಿಂತ ಸಮೃದ್ಧವಾದ ಕ್ಷೇತ್ರ.

ಬೆಳಕಿನ ವಿಷಯ ಬಂದಿತಾದುದರಿಂದ ನಮ್ಮ ನಾಲ್ಕು ತಾಲ್ಲೂಕುಗಳತ್ತ ಒಮ್ಮೆ ನೋಡಬೇಕು. ಮುಖದ ಮೇಲೆ ಬೀಳುವ ಬೆಳಕು ಸೂರ್ಯನಿಂದ ನೇರವಾಗಿ ಬರುವುದಷ್ಟೇ ಅಲ್ಲ. ನೆಲದಿಂದ, ಗೋಡೆಯಿಂದ, ಎಲೆಯಿಂದ ಪುಟಿದು ಬರುವುದೂ ಉಂಟು. ಚನ್ನಗಿರಿಯ ಅಡಕೆಯ ತೋಟದ ನಡುವೆ ನಿಂತವನ ಕೆನ್ನೆಯ ನೆರಳಿಗೆ ಹಸುರು ಇಳಿದಿರುತ್ತದೆ. ಜಗಳೂರಿನ ಮಳೆ ಕಾಣದ ಬಯಲಿನಲ್ಲಿ ನಿಂತವನ ಗಲ್ಲದ ಕೆಳಗೆ ಕೆಂಪು ನೆಲದ ಬಿಸಿ ಬೆಳಕು ಮೇಲೇರಿರುತ್ತದೆ. ಅಲ್ಲಿ ನೆರಳು ಕೂಡ ಬೆಚ್ಚಗೆ. ಹೊನ್ನಾಳಿಯಲ್ಲಿ ತುಂಗಭದ್ರೆಯ ದಡದಲ್ಲಿ ಕುಳಿತವನ ಮುಖದ ಮೇಲೆ ನೀರು ಒಡೆದ ಬೆಳಕು ಅಲುಗುತ್ತಿರುತ್ತದೆ. ನ್ಯಾಮತಿಯ ಕಡೆ ಮಲೆನಾಡಿನ ಸೆರಗು ತಾಗುವಲ್ಲಿ ಮಳೆಗಾಲದ ಮೋಡದ ಬೆಳಕು ಮೃದು. ಅಲ್ಲಿ ಮುಖದ ಅಂಚುಗಳು ಹಿನ್ನೆಲೆಯೊಳಕ್ಕೆ ಕರಗುತ್ತವೆ. ಚನ್ನಗಿರಿ ಹೊನ್ನಾಳಿಗಳು 1997ರವರೆಗೆ ಶಿವಮೊಗ್ಗೆಗೆ ಸೇರಿದ್ದುವು, ಜಗಳೂರು ಚಿತ್ರದುರ್ಗಕ್ಕೆ. ಆ ವರ್ಷ ದಾವಣಗೆರೆ ಜಿಲ್ಲೆಯಾದಾಗ ಅವು ಒಂದುಗೂಡಿದುವು. ಆಡಳಿತ ಒಂದಾದರೂ ಬೆಳಕು ಒಂದಾಗಲಿಲ್ಲ. ಈ ನಾಲ್ಕು ಕಡೆಯ ನಾಲ್ಕು ಮಂದಿಯನ್ನು ಒಬ್ಬನೇ ಚಿತ್ರಗಾರ ಪ್ರಾಮಾಣಿಕವಾಗಿ ಬರೆದರೆ ನಾಲ್ಕು ಬೇರೆ ಬೇರೆ ವರ್ಣಫಲಕಗಳು ಬೇಕಾದಾವು. ಯಂತ್ರದಿಂದ ಅಚ್ಚಾಗಿ ಬರುವ ಚಿತ್ರಕ್ಕೆ ಈ ಭೇದವಿಲ್ಲ. ಅದರ ಮುಖ ಬೀದರಿನಲ್ಲಿಯೂ ಅದೇ, ಚಾಮರಾಜನಗರದಲ್ಲಿಯೂ ಅದೇ. ಅದರ ಬೆಳಕು ಯಾವ ಊರಿನದೂ ಅಲ್ಲ.

ಇಂತಹ ಊರಿಲ್ಲದ ಮುಖ ನಮ್ಮ ಗೋಡೆಗೆ ಬಂದುದು ಹೇಗೆ? ಇದಕ್ಕೊಂದು ಚರಿತ್ರೆಯುಂಟು. ತೈಲವರ್ಣದ ಭಾವಚಿತ್ರ ಮೈಸೂರು ಸಂಸ್ಥಾನದಲ್ಲಿ ಮಾನ್ಯತೆ ಪಡೆದುದರಲ್ಲಿ ರಾಜಾ ರವಿವರ್ಮನ ಪಾತ್ರ ದೊಡ್ಡದು. ತಿರುವಾಂಕೂರಿನ ಆಸ್ಥಾನಕ್ಕೆ ಬಂದಿದ್ದ ಥಿಯೊಡೋರ್ ಜೆನ್ಸನ್ ಎಂಬ ಪಾಶ್ಚಾತ್ಯ ಚಿತ್ರಕಾರ ಕೆಲಸ ಮಾಡುವುದನ್ನು ನೋಡಿ ನೋಡಿಯೇ ತೈಲವರ್ಣದ ಮರ್ಮಗಳನ್ನು ಹಿಡಿದವನು ಆತ. 1885ರಲ್ಲಿ ಚಾಮರಾಜೇಂದ್ರ ಒಡೆಯರು ಆತನನ್ನು ಮೈಸೂರಿಗೆ ಕರೆಸಿ ರಾಜಮನೆತನದವರ ಭಾವಚಿತ್ರಗಳನ್ನು ಬರೆಯಿಸಿದರು. ಜಗನ್ಮೋಹನ ಅರಮನೆಯಲ್ಲಿ ಆತನ ಕೃತಿಗಳನ್ನು ಇಂದಿಗೂ ನೋಡಬಹುದು. ಜರತಾರಿಯ ಮಿನುಗು, ಮುತ್ತಿನ ತಂಪು, ಕೆನ್ನೆಯ ಬಿಸುಪು, ಇವನ್ನು ಒಂದೇ ಬೆಳಕಿನಲ್ಲಿ ಹಿಡಿದಿಟ್ಟ ಆತನ ಕೈಚಳಕವನ್ನು ಮೆಚ್ಚದಿರುವುದು ಕಷ್ಟ.

ಆದರೆ ಜನಸಾಮಾನ್ಯರಿಗೆ ದೊರೆತದ್ದು ಆ ಮೂಲಚಿತ್ರಗಳಲ್ಲ. 1894ರಲ್ಲಿ ರವಿವರ್ಮ ಮುಂಬಯಿಯಲ್ಲಿ ಕಲ್ಲಚ್ಚಿನ ಮುದ್ರಣಾಲಯವನ್ನು ತೆರೆದ. ಒಂದೊಂದು ಬಣ್ಣಕ್ಕೆ ಒಂದೊಂದು ಕಲ್ಲು. ಒಂದರ ಮೇಲೊಂದು ಅಚ್ಚೊತ್ತಿದಾಗ ಚಿತ್ರ. ಹೀಗೆ ದೇವರುಗಳೂ ಪುರಾಣಪುರುಷರೂ ಬಡವರ ಗುಡಿಸಿಲಿಗೂ ಬಂದರು. ದೇವಾಲಯದ ಬಾಗಿಲು ಯಾರಿಗೆ ತೆರೆದಿರಲಿಲ್ಲವೋ ಅವರ ಮನೆಗೂ ದೇವರು ಬಂದನೆಂಬುದು ಸಣ್ಣ ಮಾತಲ್ಲ. ಈ ಉಪಕಾರವನ್ನು ಒಪ್ಪಿಕೊಂಡೇ ಅದರ ಬೆಲೆಯನ್ನೂ ಹೇಳಬೇಕು. ತೈಲದ ತೆಳುಪದರಗಳ ಸೂಕ್ಷ್ಮತೆ ಕಲ್ಲಿನ ಮೇಲೆ ನಿಲ್ಲಲಿಲ್ಲ. ನೆರಳಿನ ಹಸುರು ನೇರಿಳೆಗಳು ಉದುರಿ ಹೋಗಿ ಗುಲಾಬಿ ಬಣ್ಣವೊಂದು ಉಳಿಯಿತು. ಮುಂದೆ ಪಂಚಾಂಗದ, ಬೆಂಕಿಪೆಟ್ಟಿಗೆಯ, ಅಂಗಡಿಯ ಚಿತ್ರಗಳಲ್ಲಿ ಆ ಗುಲಾಬಿಯೇ ದಿವ್ಯತೆಯ ಲಕ್ಷಣವಾಯಿತು. ದೇವರು ಬೆಳ್ಳಗೆ, ಶರಣರು ಬೆಳ್ಳಗೆ, ಸಂತರು ಬೆಳ್ಳಗೆ. ಕಪ್ಪು ಉಳಿದದ್ದು ರಾಕ್ಷಸರಿಗೆ. ಮೈಬಣ್ಣದಿಂದ ಮನುಷ್ಯನನ್ನು ಅಳೆಯುವ ಸಮಾಜವೊಂದರಲ್ಲಿ ಇದು ಬರಿಯ ಕಲಾವಿಮರ್ಶೆಯ ವಿಷಯವಲ್ಲ. ಕಾಯಕದ ಘನತೆಯನ್ನು ಸಾರಿದವರ, ಮಾದಾರ ಡೋಹರರನ್ನು ತಮ್ಮವರೆಂದು ಅಪ್ಪಿಕೊಂಡವರ ಮುಖಕ್ಕೆ ಬಿಸಿಲೇ ತಾಕದ ಗುಲಾಬಿಯನ್ನು ಬಳಿದು ಶಾಲೆಯ ಗೋಡೆಗೆ ತೂಗಿದಾಗ, ಅದರ ಕೆಳಗೆ ಕುಳಿತ ಕಪ್ಪು ಹುಡುಗಿ ಕಲಿಯುವ ಪಾಠ ಯಾವುದು? ಚಿತ್ರದ ಕೆಳಗೆ ಬರೆದ ಸಮಾನತೆಯ ಮಾತಿಗಿಂತ ಚಿತ್ರದ ಬಣ್ಣ ಆಕೆಗೆ ಮೊದಲು ತಲಪುತ್ತದೆ.

ಕಾಣದವರನ್ನು ಬರೆಯುವುದು ಹೇಗೆಂಬ ಸಮಸ್ಯೆ ನಮ್ಮದು ಮಾತ್ರವಲ್ಲ. ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನ ರೆಂಬ್ರಾಂಟ್ ಕ್ರಿಸ್ತನ ಮುಖವನ್ನು ಬರೆಯಬೇಕಾದಾಗ ಹಿಂದಿನ ಚಿತ್ರಗಳ ಪಡಿಯಚ್ಚನ್ನು ತೆಗೆಯಲಿಲ್ಲ. ಆಮ್‌ಸ್ಟರ್‌ಡಾಮಿನಲ್ಲಿ ತನ್ನ ನೆರೆಯವರಾಗಿದ್ದ ಯೆಹೂದಿ ಜನರ ನಡುವಿನಿಂದ ಮಾದರಿಯನ್ನು ಆರಿಸಿಕೊಂಡನೆಂದು ಕಲಾಚರಿತ್ರಕಾರರು ತಿಳಿಯುತ್ತಾರೆ. ಆತನ ಕೆಲಸದ ರೀತಿಯೂ ಗಮನಾರ್ಹ. ಬೆಳಕು ಬಿದ್ದಲ್ಲಿ ಬಣ್ಣವನ್ನು ಗಾರೆಯಂತೆ ದಪ್ಪವಾಗಿ ಮೆತ್ತುವನು. ನೆರಳಿನಲ್ಲಿ ತೆಳುವಾಗಿ, ಪಾರದರ್ಶಕವಾಗಿ ಬಿಡುವನು. ಬೆಳಕು ನಮ್ಮ ಕೈಗೆ ತಾಗುವಂತಿರುತ್ತದೆ. ನೆರಳು ಒಳಕ್ಕೆ ಕರೆಯುತ್ತದೆ. ಹಾಗಾದರೆ ಬಸವಣ್ಣನವರನ್ನೋ ಅಕ್ಕಮಹಾದೇವಿಯನ್ನೋ ಅಲ್ಲಮನನ್ನೋ ಬರೆಯುವವನು ಏಕೆ ಜಗಳೂರಿನ ಸಂತೆಗೆ ಹೋಗಿ ಮುಖಗಳನ್ನು ನೋಡಬಾರದು? ಹನ್ನೆರಡನೆಯ ಶತಮಾನದ ಮುಖ ನಮಗೆ ದೊರೆಯದು. ಆದರೆ ಅದೇ ಬಿಸಿಲಿನಲ್ಲಿ, ಅದೇ ಜೋಳದ ಅನ್ನದಿಂದ ಬೆಳೆದ ಮುಖಗಳು ನಮ್ಮ ನಡುವೆಯೇ ತಿರುಗುತ್ತಿವೆ. ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಬಂಜಾರಾ ಜನರು ಪೂಜಿಸುವ ಸಂತ ಸೇವಾಲಾಲರ ವಿಷಯದಲ್ಲಿಯೂ ಇದೇ ಮಾತು ಸಲ್ಲುತ್ತದೆ.

ದೇಶದ ದೊಡ್ಡ ಗೋಡೆಗಳು ಈ ವಿವೇಕವನ್ನು ಪೂರ್ತಿ ಮರೆತಿರಲಿಲ್ಲ. ದಿಲ್ಲಿಯ ಹಳೆಯ ಸಂಸತ್ ಭವನದ, ಎಂದರೆ ಇಂದಿನ ಸಂವಿಧಾನ ಸದನದ, ಮಧ್ಯಾಂಗಣದಲ್ಲಿ 1947ರ ಆಗಸ್ಟ್ 28ರಂದು ಅನಾವರಣಗೊಂಡ ಗಾಂಧೀಜಿಯ ಚಿತ್ರ ಆಸ್ವಾಲ್ಡ್ ಬರ್ಲಿ ಎಂಬ ನುರಿತ ಭಾವಚಿತ್ರಕಾರನದು. ಅಲ್ಲಿಯೇ ಇರುವ ನೆಹರೂ ಅವರ ಚಿತ್ರ ಸ್ವೆತೊಸ್ಲಾವ್ ರೋರಿಕ್ ಬರೆದದ್ದು. ಬೆಂಗಳೂರಿನ ಬಳಿ ತಾತಗುಣಿಯಲ್ಲಿ ನೆಲೆಸಿ ನಮ್ಮವರೇ ಆಗಿಹೋದ ಈ ಕಲಾವಿದ 1993ರವರೆಗೆ ಬದುಕಿದ್ದರು. ಅವರ ಅನೇಕ ಚಿತ್ರಗಳು ಬೆಂಗಳೂರಿನ ಚಿತ್ರಕಲಾ ಪರಿಷತ್ತಿನಲ್ಲಿವೆ. ಇನ್ನು ಜಗನ್ಮೋಹನ ಅರಮನೆಗೆ ಹೋದವರೆಲ್ಲ ಸಾಲುಗಟ್ಟಿ ನೋಡುವ ದೀಪ ಹಿಡಿದ ಹೆಣ್ಣಿನ ಚಿತ್ರವನ್ನು ತೈಲವರ್ಣವೆಂದೇ ಬಹುಮಂದಿ ತಿಳಿಯುತ್ತಾರೆ. ಎಸ್. ಎಲ್. ಹಲ್ದಣಕರರು ತಮ್ಮ ಮಗಳನ್ನು ಮಾದರಿಯಾಗಿ ನಿಲ್ಲಿಸಿ ಬರೆದ ಆ ಚಿತ್ರ ಜಲವರ್ಣದ್ದು. ದೀಪದ ಬೆಳಕು ಬೆರಳುಗಳ ಸಂದಿಯಿಂದ ಕೆಂಪಾಗಿ ಹೊಮ್ಮುವುದನ್ನು ಅಲ್ಲಿ ಕಂಡವರು ಮರೆಯಲಾರರು. ಮಾಧ್ಯಮ ಯಾವುದೇ ಇರಲಿ, ಎದುರಿಗೆ ಒಂದು ಜೀವ ನಿಂತಿತ್ತು, ಅದರ ಮೇಲೆ ಒಂದು ನಿಜವಾದ ಬೆಳಕು ಬಿದ್ದಿತ್ತು ಎಂಬುದೇ ಮುಖ್ಯ.

ನಮ್ಮ ತಾಲ್ಲೂಕು ಪಟ್ಟಣಗಳಲ್ಲಿ ಈ ಪರಂಪರೆಯ ಕಿರಿಯ ಕವಲೊಂದು ಬಹುಕಾಲ ಬಾಳಿತು. ಅಂಗಡಿಯ ಹಲಗೆ ಬರೆಯುವವನೇ ನಾಟಕದ ಪರದೆಯನ್ನೂ ಬರೆಯುವನು. ತೀರಿಕೊಂಡವರ ಸಣ್ಣ ಫೋಟೋದ ಮೇಲೆ ಚೌಕುಳಿ ಎಳೆದು ದೊಡ್ಡದು ಮಾಡಿ ತೈಲದಲ್ಲಿ ಭಾವಚಿತ್ರವನ್ನೂ ಬರೆದುಕೊಡುವನು. ಇವರೆಲ್ಲ ರೆಂಬ್ರಾಂಟರಾಗಿರಲಿಲ್ಲ. ಆದರೆ ತೀರಿಕೊಂಡವರ ಮೈಬಣ್ಣ ಹೇಗಿತ್ತು, ನಗುವಾಗ ಯಾವ ಕೆನ್ನೆ ಗುಳಿ ಬೀಳುತ್ತಿತ್ತು ಎಂದು ಮನೆಯವರನ್ನು ಕೇಳಿ ತಿಳಿದು ಬರೆಯುತ್ತಿದ್ದರು. ಆ ಕೇಳುವಿಕೆಯೇ ಒಂದು ಸಂಸ್ಕಾರ. ಅಗ್ಗದ ಫ್ಲೆಕ್ಸ್ ಬಂದ ಮೇಲೆ ಈ ಕಸುಬು ಕುಸಿಯಿತು. 2016ರಲ್ಲಿ ಸರ್ಕಾರ ಪ್ಲಾಸ್ಟಿಕ್ಕಿನೊಡನೆ ಫ್ಲೆಕ್ಸನ್ನೂ ನಿಷೇಧಿಸಿತು. ನಿಷೇಧ ಕಾಗದದ ಮೇಲೆ ಉಳಿಯಿತು, ಫ್ಲೆಕ್ಸ್ ಬೀದಿಯಲ್ಲಿ ಉಳಿಯಿತು. ಕುಂಚ ಹಿಡಿದ ಕೈಗಳು ಬೇರೆ ಕೆಲಸಕ್ಕೆ ಹೋದುವು.

ಮುದ್ರಿತ ಚಿತ್ರ ಅಗ್ಗವೆಂಬ ವಾದವೂ ಪೂರ್ಣ ಸತ್ಯವಲ್ಲ. ಬಿಸಿಲು ತಾಗುವ ಗೋಡೆಯಲ್ಲಿ ಅಂತಹ ಚಿತ್ರಗಳು ಕೆಲವೇ ವರ್ಷಗಳಲ್ಲಿ ನೀಲಿಗೆ ತಿರುಗುವುದನ್ನು ಎಲ್ಲರೂ ಕಂಡಿದ್ದೇವೆ. ಕೆಂಪು ಹಳದಿಗಳ ಶಾಯಿ ಮೊದಲು ಮಾಸುತ್ತದೆ, ನೀಲಿ ಹಟಮಾರಿ. ಆದುದರಿಂದ ಮಹಾಪುರುಷರ ಮುಖಕ್ಕೆ ಹೆಣದ ಬಣ್ಣ ಬರುತ್ತದೆ. ಮತ್ತೆ ಹಣ, ಮತ್ತೆ ಮುದ್ರಣ. ಸರಿಯಾಗಿ ಬರೆದ ತೈಲಚಿತ್ರವಾದರೋ ಮೂರು ನಾಲ್ಕು ತಲೆಮಾರುಗಳನ್ನು ನೋಡುತ್ತದೆ.

ಹಾಗೆಂದು ಪ್ರತಿಯೊಂದು ಕಚೇರಿಗೂ ತೈಲಚಿತ್ರವೇ ಬೇಕೆಂದರೆ ಅದು ವಿವೇಕದ ಮಾತಾಗಲಾರದು. ಸಾವಿರಾರು ಕಚೇರಿಗಳಿಗೆ ಮುದ್ರಿತ ಪ್ರತಿಯೇ ಗತಿ, ಇರಲಿ. ಆದರೆ ತಾಲ್ಲೂಕಿಗೊಂದು ಮೂಲಚಿತ್ರ ಅಸಾಧ್ಯವಲ್ಲ. ದಾವಣಗೆರೆಯಲ್ಲಿ 1964ರಲ್ಲಿ ಕಲೆ ಮತ್ತು ಕರಕುಶಲ ಶಾಲೆಯಾಗಿ ಹುಟ್ಟಿ ಇಂದು ವಿಶ್ವವಿದ್ಯಾನಿಲಯಕ್ಕೆ ಸೇರಿರುವ ದೃಶ್ಯಕಲಾ ಮಹಾವಿದ್ಯಾಲಯವಿದೆ. ಅಲ್ಲಿ ಕಲಿತ ತರುಣರಿಗೆ ತಮ್ಮ ಜಿಲ್ಲೆಯ ಗೋಡೆಗಳಿಗಿಂತ ಉತ್ತಮ ಕಾರ್ಯಕ್ಷೇತ್ರ ಯಾವುದು? ಚನ್ನಗಿರಿಯವರು ಆ ತಾಲ್ಲೂಕಿನ ಹೊದಿಗೆರೆಯಲ್ಲಿ ಹುಟ್ಟಿ 2025ರಲ್ಲಿ ನಮ್ಮನ್ನಗಲಿದ ಕವಿ ಎಚ್. ಎಸ್. ವೆಂಕಟೇಶಮೂರ್ತಿಯವರ ಭಾವಚಿತ್ರವನ್ನು ಗ್ರಂಥಾಲಯಕ್ಕೆ ಬರೆಯಿಸಬಹುದು. ಅವರನ್ನು ಕಣ್ಣಾರೆ ಕಂಡವರು, ದನಿ ಕೇಳಿದವರು ಇನ್ನೂ ನಮ್ಮ ನಡುವೆ ಇದ್ದಾರೆ. ಹೊನ್ನಾಳಿಯಿಂದ ಬೇರೆಯಾಗಿ ಕೆಲವೇ ವರ್ಷಗಳ ಹಿಂದೆ ತಾಲ್ಲೂಕಾದ ನ್ಯಾಮತಿಗೆ ಹೊಸ ಗೋಡೆಗಳ ಭಾಗ್ಯವಿದೆ. ಅವುಗಳ ಮೇಲೆ ಮೊದಲು ಏನು ಏರುತ್ತದೆಂಬುದು ಮುಂದಿನವರ ರುಚಿಯನ್ನು ತಿದ್ದೀತು.

ಇದಕ್ಕೆ ಕೆಲವು ನಿಯಮಗಳು ಅಗತ್ಯ. ಕಡಮೆ ದರ ಕೂಗಿದವನಿಗೆ ಕೆಲಸವೆಂಬ ಗುತ್ತಿಗೆಯ ಕಟ್ಟಳೆ ಇಲ್ಲಿ ಸಲ್ಲದು. ಚರಂಡಿಯ ಲೆಕ್ಕ ಬೇರೆ, ಚಿತ್ರದ ಲೆಕ್ಕ ಬೇರೆ. ಚಿತ್ರಗಾರನಿಗೆ ಆರು ತಿಂಗಳ ಅವಧಿಯಾದರೂ ಬೇಕು. ಎಣ್ಣೆಯನ್ನು ಅವಸರಪಡಿಸಲು ಯಾವ ಅಧಿಕಾರಿಗೂ ಸಾಧ್ಯವಿಲ್ಲ. ಚಿತ್ರದ ಕೆಳಗೆ ಅನಾವರಣ ಮಾಡಿದವರ ಹೆಸರಿರುವಂತೆ ಬರೆದವರ ಹೆಸರೂ ಇರಬೇಕು. ತೂಗಿದ ಮೇಲೆ ನೇರ ಬಿಸಿಲು ತಾಗದಂತೆ, ಊದುಬತ್ತಿಯ ಹೊಗೆ ಹತ್ತದಂತೆ ನೋಡಿಕೊಳ್ಳಬೇಕು. ಜಯಂತಿಯ ಹಿಂದಿನ ದಿನ ಒದ್ದೆ ಬಟ್ಟೆಯಿಂದ ಉಜ್ಜುವ ಭಕ್ತಿಯನ್ನು ಬಿಡಬೇಕು.

ಉಪಾಧ್ಯಾಯರಿಗೆ ಒಂದು ಮಾತು. ಗೋಡೆಯ ಮೇಲೆ ಯಾರಿದ್ದಾರೆಂದು ಕೇಳಿದರೆ ಮಕ್ಕಳು ಹೆಸರು ಹೇಳುತ್ತಾರೆ. ಅಲ್ಲಿಗೆ ಪಾಠ ಮುಗಿಯುತ್ತದೆ. ಬೆಳಕು ಯಾವ ಕಡೆಯಿಂದ ಬರುತ್ತಿದೆ? ನೆರಳು ಕಪ್ಪೇ, ಅಥವಾ ಅದರಲ್ಲಿ ಬೇರೆ ಬಣ್ಣ ಉಂಟೇ? ಮುಖದ ಅಂಚು ಎಲ್ಲಿ ಹರಿತ, ಎಲ್ಲಿ ಮೃದು? ಈ ಮುಖದಂತಹ ಮುಖವನ್ನು ನಿಮ್ಮ ಊರಿನಲ್ಲಿ ಕಂಡಿದ್ದೀರಾ? ಹೀಗೆ ಕೇಳಿ ನೋಡಿ. ಕೊನೆಯ ಪ್ರಶ್ನೆಗೆ ಮಕ್ಕಳು ಇಲ್ಲವೆಂದರೆ ತಪ್ಪು ಮಕ್ಕಳದಲ್ಲ. ಹಿರಿಯರ ಮುಖವನ್ನು ನಮ್ಮ ನೆಲದ ಬಣ್ಣದಲ್ಲಿ, ನಮ್ಮ ಬೆಳಕಿನಲ್ಲಿ ಬರೆಯಿಸುವ ಸಾಹಸವನ್ನು ನಾವು ಮಾಡಲಿಲ್ಲವೆಂದಷ್ಟೇ ಅದರ ಅರ್ಥ. ಮಾಡಲು ಬೇಕಾದ ಮಣ್ಣು, ಕೈ, ಮುಖ ಮೂರೂ ಇಲ್ಲಿಯೇ ಇವೆ.